ಮುರಕಲ್ಲಿನ ಗೋಡೆ, ಅಜ್ಜನ ಪುಸ್ತಕಗಳು

ಪ್ರಶ್ನೆ (ಬದಿಯಡ್ಕದಿಂದ):
ಅಜ್ಜ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕುಳಿತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ) ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವರು, ಆಗಿದ್ದರು. ಅವರ ಸುಮಾರು 300 ಪುಸ್ತಕಗಳು ನನ್ನ ಪಾಲಿಗೆ ಬಂದಿವೆ. ಹೆಚ್ಚಿನವು ಯಕ್ಷಗಾನ ಪ್ರಸಂಗಗಳು. ಅಂಚಿನಲ್ಲೆಲ್ಲ ಪೆನ್ಸಿಲ್ಲಿನಿಂದ ಬರೆದ ಅವರ ಟಿಪ್ಪಣಿಗಳಿವೆ. ನಾಲ್ಕು ಜನ ನೋಡಲಿ ಎಂದು ಚಾವಡಿಯ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ತಾಗಿಸಿ ಗಾಜಿನ ಕಪಾಟು ಇಟ್ಟೆ. ಮಳೆಗಾಲದ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಕೆಳಗಿನ ಸಾಲಿನ ರಟ್ಟುಗಳಿಗೆಲ್ಲ ಬೂದುಬಣ್ಣದ ಬೂಸಲು! 'ಇಲ್ಲಿ ಕರ್ಣ ತಡೆದು ಮಾತನಾಡಬೇಕು' ಎಂಬ ಅಜ್ಜನ ಸಾಲು ಅರ್ಧ ಮುಚ್ಚಿಹೋಗಿದೆ. ನನಗೆ ನಿದ್ದೆ ಬರುತ್ತಿಲ್ಲ. ಪುಸ್ತಕಗಳು ಕಣ್ಣೆದುರೇ ಇರಬೇಕು, ಹಾಳೂ ಆಗಬಾರದು. ಏನು ಮಾಡಲಿ?

ಉತ್ತರ (ಕುಂಬಳೆಯಿಂದ):
ಮೊದಲು ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ಎಳೆಯಿರಿ. ಮುರಕಲ್ಲು ನೀರು ಹೀರುವ ಕಲ್ಲು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುವ ನಮ್ಮ ಊರಿನಲ್ಲಿ ಆ ತೇವ ಹಲಗೆಗೂ ಹತ್ತುತ್ತದೆ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಬೇಡಿ. ಮಳೆ ಬಿಟ್ಟ ದಿನ ಬಾಗಿಲು ತೆರೆದಿಡಿ.

ಉತ್ತರ (ಮಂಜೇಶ್ವರದಿಂದ):
ಒದ್ದೆ ಬಟ್ಟೆಯಿಂದ ಒರೆಸಲೇಬೇಡಿ. ನೆರಳಿನಲ್ಲಿ ಗಾಳಿಗೆ ಒಣಗಲಿ, ಆಮೇಲೆ ಮಾಸ್ಕ್ ಧರಿಸಿ, ಅಂಗಳದಲ್ಲಿ ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಸುಡುಬಿಸಿಲಿಗಿಟ್ಟರೆ ಹಳೆಯ ಕಾಗದ ಹಪ್ಪಳದಂತೆ ಮುರಿಯುತ್ತದೆ. ಟಿಪ್ಪಣಿಗಳಿರುವ ಪುಟಗಳ ಫೋಟೋ ಇವತ್ತೇ ತೆಗೆದಿಡಿ, ದಯವಿಟ್ಟು.

ಬದಿಯಡ್ಕದಿಂದ ಮತ್ತೆ:
ನಿನ್ನೆ ಕಪಾಟು ಎಳೆದೆವು. ಹಿಂದಿನ ಹಲಗೆ ಕೈಗೆ ತಣ್ಣಗೆ ತಾಗಿತು. ಕರ್ಣಪರ್ವ ಈಗ ಮೇಜಿನ ಮೇಲೆ ತೆರೆದುಕೊಂಡು ಒಣಗುತ್ತಿದೆ. 40 ಪುಟಗಳ ಫೋಟೋ ಆಯಿತು.