ರಿಬ್ಸ್ ಮೂಳೆ ಬಿಟ್ಟು ಬರುವಷ್ಟು ಬೆಂದಿತ್ತು, ಆದರೂ ಅಂಕ ಯಾಕೆ ಕಡಿಮೆ?

ಹಾಸನದ_ಹೈದ:
ಕಾನ್ಸಾಸ್‌ನಲ್ಲಿದ್ದೇನೆ. ಆಫೀಸಿನವರ ತಂಡದ ಜೊತೆ ಒಂದು ಕೆಸಿಬಿಎಸ್ (ಕಾನ್ಸಾಸ್ ಸಿಟಿ ಬಾರ್ಬೆಕ್ಯೂ ಸೊಸೈಟಿ) ಬಾರ್ಬೆಕ್ಯೂ ಸ್ಪರ್ಧೆಗೆ ಹೋಗಿದ್ದೆ. ನಮ್ಮ ಪೋರ್ಕ್ ರಿಬ್ಸ್ (ಹಂದಿಯ ಪಕ್ಕೆಲುಬು) ಮುಟ್ಟಿದರೆ ಸಾಕು, ಮೂಳೆ ಬಿಟ್ಟು ಬರುತ್ತಿತ್ತು. ಪಕ್ಕದ ಟೆಂಟಿನವರೂ ಕೇಳಿ ತಿಂದರು. ಆದರೆ ಮೃದುತ್ವಕ್ಕೆ ಬಂದದ್ದು ಬರೀ 6! ಅಂಕಪಟ್ಟಿಯ ದಶಮಾಂಶದ ಲೆಕ್ಕವೂ ಅರ್ಥವಾಗಲಿಲ್ಲ. ಗೊತ್ತಿದ್ದವರು ಸ್ವಲ್ಪ ಹೇಳಿ.

ಹೊಗೆರಾಯ:
ಮೂಳೆ ಬಿಟ್ಟು ಬಂತಲ್ಲ, ಅಂಕ ಹೋದದ್ದೇ ಅಲ್ಲಿ. ಮನೆಯಲ್ಲಿ ಅದು ಹೊಗಳಿಕೆ, ಅಲ್ಲಿ ಅದು ಜಾಸ್ತಿ ಬೆಂದದ್ದು. ಕಚ್ಚಿದ ಜಾಗದಲ್ಲಿ ಮಾತ್ರ ಮಾಂಸ ಬರಬೇಕು, ಹಲ್ಲಿನ ಗುರುತು ಉಳಿಯಬೇಕು, ಮಿಕ್ಕಿದ್ದು ಮೂಳೆಗೇ ಅಂಟಿರಬೇಕು. ಬ್ರಿಸ್ಕೆಟ್‌ಗೂ (ದನದ ಎದೆಭಾಗದ ಮಾಂಸ) ಇದೇ ತರಹ: ಹೋಳನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆದರೆ ಹರಿಯಬೇಕು, ಎತ್ತಿದ ಕೂಡಲೇ ಪುಡಿಯಾಗಬಾರದು.

ಲೆಕ್ಕ ಹೀಗೆ. ಟೇಬಲ್‌ಗೆ ಆರು ತೀರ್ಪುಗಾರರು, ಅಂಕ 9ರಿಂದ 2. 1 ಅಂದರೆ ಅನರ್ಹ. ನೋಟದ ಅಂಕವನ್ನು 0.5600ರಿಂದ, ರುಚಿಯದನ್ನು 2.2972ರಿಂದ, ಮೃದುತ್ವದ್ದನ್ನು 1.1428ರಿಂದ ಗುಣಿಸುತ್ತಾರೆ. ಆರರಲ್ಲಿ ಅತಿ ಕಡಿಮೆ ಕೊಟ್ಟವರ ಅಂಕ ಬಿಟ್ಟು ಉಳಿದ ಐದನ್ನು ಕೂಡಿಸಿದರೆ ಒಂದು ವಿಭಾಗಕ್ಕೆ ಗರಿಷ್ಠ 180. ಚಿಕನ್, ರಿಬ್ಸ್, ಪೋರ್ಕ್, ಬ್ರಿಸ್ಕೆಟ್ ನಾಲ್ಕೂ ಸೇರಿ 720. ಅಂದರೆ ರುಚಿಯಲ್ಲಿ ಒಂದು ಅಂಕ ಹೋದರೆ ನೋಟದಲ್ಲಿ ನಾಲ್ಕು ಹೋದ ಹಾಗೆ. ಆದರೂ ಜನ ತೀರ್ಪುಗಾರರಿಗೆ ಕೊಡುವ ಬಾಕ್ಸಿನಲ್ಲಿ ಪಾರ್ಸ್ಲಿ ಸೊಪ್ಪು ಜೋಡಿಸುವುದಕ್ಕೆ ಗಂಟೆಗಟ್ಟಲೆ ಕೂತಿರುತ್ತಾರೆ, ಅದು ಬೇಕೇ ಬೇಕು ಅಂತ ನಿಯಮವೂ ಇಲ್ಲ!

ಕಾಫಿತೋಟ:
ಪಕ್ಕದ ಟೆಂಟಿನವರು ಪ್ಲೇಟ್ ತುಂಬ ತಿಂದರು, ತೀರ್ಪುಗಾರರು ಹಾಗೆ ತಿನ್ನುವುದಿಲ್ಲ. ಆರು ಬಾಕ್ಸ್, ನಾಲ್ಕು ವಿಭಾಗ, ಸುಮಾರು 24 ತುಂಡು. ಒಂದೊಂದರಲ್ಲೂ ಒಂದೆರಡು ಕಚ್ಚು ಅಷ್ಟೇ. ಅದಕ್ಕೇ ಸ್ಪರ್ಧೆಯ ಅಡುಗೆ ಸಿಹಿ, ಉಪ್ಪು, ಖಾರ ಎಲ್ಲವೂ ಒಂದೇ ಕಚ್ಚಿಗೆ ನಾಲಿಗೆಗೆ ಹೊಡೆಯುವ ಹಾಗೆ ಇರುತ್ತದೆ. ನನ್ನ ಕೇಳಿದರೆ ಊಟಕ್ಕೆ ಅದು ಲಾಯಕ್ಕಿಲ್ಲ.

ಇನ್ನೊಂದು ವಿಷಯ, ಒಂದು ಬಾಕ್ಸನ್ನು ಇನ್ನೊಂದಕ್ಕೆ ಹೋಲಿಸಬಾರದು, ಪ್ರತಿಯೊಂದಕ್ಕೂ ಅದರದ್ದೇ ಅಂಕ. ಅಂಕ ಕೊಡುವಾಗ ಮಾತಾಡುವ ಹಾಗಿಲ್ಲ. ಯಾರ ಬಾಕ್ಸ್ ಅಂತ ಗೊತ್ತಾಗದಂತೆ ನಂಬರನ್ನೂ ಬದಲಾಯಿಸಿರುತ್ತಾರೆ. 'ಮೆಂಫಿಸ್ ಇನ್ ಮೇ' ಅನ್ನುವ ಇನ್ನೊಂದು ಸ್ಪರ್ಧೆಯ ಪದ್ಧತಿ ಬೇರೆಯೇ. ಅಲ್ಲಿ ಮುಖ್ಯ ವಿಭಾಗಗಳೆಲ್ಲ ಹಂದಿ ಮಾಂಸದ್ದೇ, ಬಾಕ್ಸಿನ ಜೊತೆಗೆ ತೀರ್ಪುಗಾರರು ನಿಮ್ಮ ಟೆಂಟಿಗೇ ಬಂದು ಕೂರುತ್ತಾರೆ, ನೀವು ಒಲೆ ತೋರಿಸಿ ಕಥೆ ಹೇಳಬೇಕು. ಬಾಯಿ ಇದ್ದವನಿಗೆ ಅದು ಅನುಕೂಲ.

ಹಾಸನದ_ಹೈದ:
ಥ್ಯಾಂಕ್ಸ್. ಹಾಗಾದರೆ ಟೇಬಲ್ ಸಿಗುವುದು ಸುಮ್ನೆ ಅದೃಷ್ಟ ಅಲ್ವಾ? ಸ್ಪರ್ಧಿಗಳು 'ಸಾವಿನ ಟೇಬಲ್' ಅಂತ ಬೈಯುತ್ತಿದ್ದರು.

ಹೊಗೆರಾಯ:
ಸ್ವಲ್ಪ ಇದೆ. ಎಲ್ಲರೂ ಕೈ ಬಿಗಿ ಹಿಡಿದು ಅಂಕ ಕೊಡುವ ಟೇಬಲ್ ಸಿಕ್ಕರೆ ಕಡಿಮೆ ಅಂಕ ಬಿಟ್ಟರೂ ಪ್ರಯೋಜನವಿಲ್ಲ. ಆದರೆ ನಿಮ್ಮ 6ಕ್ಕೆ ಟೇಬಲ್ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಮುಂದಿನ ಸಲ ರಿಬ್ಸ್ ಬೇಗ ಇಳಿಸಿ. ಸಾಧ್ಯವಾದರೆ ತೀರ್ಪುಗಾರರ ತರಗತಿಗೂ ಸೇರಿ, ಅಡುಗೆ ಮಾಡುವವರೇ ಎಷ್ಟೋ ಜನ ಬಂದಿರುತ್ತಾರೆ.

ಹಾಸನದ_ಹೈದ:
ನಾನು ಬೀಫ್ ತಿನ್ನುವುದಿಲ್ಲವಲ್ಲ!

ಕಾಫಿತೋಟ:
ಹಾಗಾದರೆ ತೀರ್ಪುಗಾರರ ಕುರ್ಚಿ ಕಷ್ಟ. ಬಾಕ್ಸ್ ತಂದು ತೋರಿಸುವ ಟೇಬಲ್ ಕ್ಯಾಪ್ಟನ್ ಕೆಲಸ ಕೇಳಿ ನೋಡಿ, ಅವರು ಅಂಕ ಕೊಡುವುದಿಲ್ಲ.