ಮಗಳು ಸ್ಕೀ ಪ್ಯಾಟ್ರೋಲ್ ಕೆಲಸಕ್ಕೆ ಸೇರುತ್ತಿದ್ದಾಳೆ: ಜಾಕೆಟ್ ಕಂಪನಿಯದು, ಬೂಟು ಯಾರದು?

ದಾವಣಗೆರೆ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಯಾಕ್ರಮೆಂಟೊದಲ್ಲಿ, ಊರು ದಾವಣಗೆರೆ. ಮಗಳಿಗೆ 23 ವರ್ಷ. ಓದು ಮುಗಿಸಿ ಒಂದು ವರ್ಷ ಆಂಬ್ಯುಲೆನ್ಸಿನಲ್ಲಿ ಕೆಲಸ ಮಾಡಿದಳು. ಈ ಚಳಿಗಾಲಕ್ಕೆ ಟಾಹೊ ಕೆರೆಯ ಕಡೆ ಒಂದು ಸ್ಕೀ ರೆಸಾರ್ಟಿನಲ್ಲಿ ಪ್ಯಾಟ್ರೋಲ್ ಕೆಲಸ ಸಿಕ್ಕಿದೆ. ಬಿದ್ದು ಗಾಯ ಮಾಡಿಕೊಂಡವರನ್ನು ಕೆಳಗಿಳಿಸುವುದು, ಹಿಮ ಕುಸಿಯದ ಹಾಗೆ ಮೊದಲೇ ನೋಡಿಕೊಳ್ಳುವುದು, ಇಂಥವೆಲ್ಲ ಇವರ ಪಾಲಿನದಂತೆ. ರೆಸಾರ್ಟು ದೊಡ್ಡ ಕಂಪನಿಯದು. ಅವರಿಗೆ ಬೇರೆ ರಾಜ್ಯಗಳಲ್ಲೂ ಇಂಥ ಬೆಟ್ಟಗಳಿವೆ.

ಮೊನ್ನೆ ಎರಡು ಪಟ್ಟಿ ಬಂತು. ಕಂಪನಿ ಕೊಡುವುದು: ಬಿಳಿ ಪ್ಲಸ್ ಗುರುತಿನ ಕೆಂಪು ಜಾಕೆಟ್, ಪ್ಯಾಂಟು, ವಾಕಿಟಾಕಿ, ಬೀಕನ್, ಪ್ರಥಮ ಚಿಕಿತ್ಸೆಯ ಸಾಮಾನು. ಅವಳು ತರಬೇಕಾದ್ದು: ಸ್ಕೀ, ಬೂಟು, ಹೆಲ್ಮೆಟ್, ಗಾಗಲ್, ಗ್ಲೌಸ್, ಬೆನ್ನಿನ ಬ್ಯಾಗು, ಒಳಗಿನ ಉಣ್ಣೆ ಬಟ್ಟೆ. ಅಂಗಡಿಯಲ್ಲಿ ಕೂತು ಲೆಕ್ಕ ಹಾಕಿದರೆ 2,300 ಡಾಲರ್ ದಾಟಿತು. ಸಂಬಳ ಗಂಟೆಗೆ 22. ಅಂದರೆ ಮೊದಲ ಎರಡೂವರೆ ವಾರ ಅವಳು ದುಡಿಯುವುದೆಲ್ಲ ಈ ಸಾಮಾನಿಗೇ ಸರಿಹೋಯಿತು.

ನಮ್ಮಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಖಾಕಿ ಬಟ್ಟೆ ಅಲ್ಲೇ ಕೊಡೋರು, ಹೊಲಿಗೆ ಕೂಲಿನೂ ಕೊಡೋರು. ಸ್ಪ್ಯಾನರ್ ಮನೆಯಿಂದ ತಗೊಂಡು ಬಾ ಅಂತ ಯಾರೂ ಯಾವತ್ತೂ ಹೇಳಲಿಲ್ಲ. ಹಾಗಾಗಿ ನನಗೆ ಇದು ಅರ್ಥ ಆಗುತ್ತಿಲ್ಲ. ಎಲ್ಲ ಕಡೆ ಹೀಗೇನಾ? ಯಾವುದಕ್ಕೆ ದುಡ್ಡು ಹಾಕಬೇಕು, ಎಲ್ಲಿ ಕೈ ಬಿಗಿ ಹಿಡಿಯಬಹುದು? ಚಿಕ್ಕಂದಿನಿಂದ ಅವಳ ಬೆರಳು ಬೇಗ ತಣ್ಣಗಾಗುತ್ತವೆ, ಅದಕ್ಕೇ ಬ್ಯಾಟರಿಯಿಂದ ಬಿಸಿಯಾಗುವ ಗ್ಲೌಸ್ ಅವಳಿಗೆ ಹೇಳದೇ ಆರ್ಡರ್ ಮಾಡಿದ್ದೇನೆ. ಗೊತ್ತಿದ್ದವರು ತಿಳಿಸಿ.

ಹಾಸನದ ಹುಡುಗಿ

ಅಣ್ಣ, ಮೊದಲು ಆ ಬ್ಯಾಟರಿ ಗ್ಲೌಸ್ ವಾಪಸ್ ಕಳಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ನಾನು ಕೊಲೊರಾಡೊದಲ್ಲಿ ಒಂಬತ್ತು ಚಳಿಗಾಲದಿಂದ ಇದೇ ಕೆಲಸದಲ್ಲಿದ್ದೇನೆ. ನಮ್ಮ ಬೆಟ್ಟವೂ ಕಂಪನಿಯದೇ. ಬೀಕನ್ ಅಂದರೆ 457 ಕಿಲೋಹರ್ಟ್ಸ್‌ನಲ್ಲಿ ಮಿಡಿಯುತ್ತಿರುವ ಒಂದು ಪುಟ್ಟ ರೇಡಿಯೊ. ನಾವು ಹಿಮದಡಿ ಸಿಕ್ಕಿಕೊಂಡರೆ ಜೊತೆಯವರು ತಮ್ಮ ಬೀಕನ್ ಹುಡುಕುವ ಕಡೆ ತಿರುಗಿಸಿ, ಆ ಮಿಡಿತದ ಜಾಡು ಹಿಡಿದು ಬಂದು ಅಗೆಯುತ್ತಾರೆ. ಜೀವ ಉಳಿಯುವುದು ಹೆಚ್ಚಾಗಿ ಮೊದಲ ಹತ್ತು ಹದಿನೈದು ನಿಮಿಷದೊಳಗೆ ಸಿಕ್ಕರೆ. ಮೊಬೈಲು, ಬ್ಯಾಟರಿ ತಂತಿ, ಅಯಸ್ಕಾಂತದ ಗುಂಡಿ, ಇವೆಲ್ಲ ಆ ಸಿಗ್ನಲ್ ಕೆಡಿಸುತ್ತವೆ. ಮಾಮೂಲಿ ಹೊತ್ತಿನಲ್ಲಿ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇಡಬೇಕು ಅಂತ ನಮಗೆ ಕಲಿಸುತ್ತಾರೆ. ಹುಡುಕುವಾಗ ಬೀಕನ್ ಇರುವುದೇ ಕೈಯಲ್ಲಿ. ಆ ಕೈಗೇ ಬಿಸಿ ತಂತಿಯ ಗ್ಲೌಸ್ ಹಾಕಿದರೆ ಅದು ಇಲ್ಲದ ಕಡೆ ಬಾಣ ತೋರಿಸಬಹುದು. ಮಗಳಿಗೆ ಇದು ತರಬೇತಿಯಲ್ಲಿ ಗೊತ್ತಾಗುತ್ತೆ. ಆದರೆ ಅಪ್ಪ ಪ್ರೀತಿಯಿಂದ ಕೊಟ್ಟಿದ್ದು ಅಂತ ಒಂದು ದಿನವಾದರೂ ಹಾಕಿಕೊಂಡು ಹೋಗುತ್ತಾಳೆ. ಆ ಒಂದು ದಿನವೂ ಬೇಡ.

ಅದರ ಬದಲು ಒಳ್ಳೆ ಚರ್ಮದ ಗ್ಲೌಸ್ ಎರಡು ಜೊತೆ ಕೊಡಿಸಿ. ನನ್ನದೊಂದು ಜೊತೆ ಎಂಟು ವಾರದ ಮೇಲೆ ಬಾಳಿದ್ದಿಲ್ಲ. ಈಗ ಮೇಜಿನ ಮೇಲೆ ಹೋದ ವರ್ಷದ ಜೊತೆ ಇದೆ, ನೋಡಿಕೊಂಡೇ ಬರೆಯುತ್ತಿದ್ದೇನೆ. ಬಲಗೈಯಲ್ಲಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವಿನ ಚರ್ಮ ಸವೆದು ಹೊಲಿಗೆ ಬಿಟ್ಟಿದೆ, ಅದು ಗಾಯಾಳುವನ್ನು ಮಲಗಿಸಿ ಇಳಿಸುವ ಸ್ಲೆಡ್ಡಿನ ಹಿಡಿ ಉಜ್ಜುವ ಜಾಗ. ಅಂಗೈಯಲ್ಲಿ ಅಡ್ಡಕ್ಕೆ ಕಪ್ಪು ಗೆರೆ, ಅದು ಹಗ್ಗದ್ದು. ಹೊಸ ಜೊತೆ ಬಂದ ದಿನವೇ ಜೇನುಮೇಣ ಬಿಸಿ ಮಾಡಿ ಹೊಲಿಗೆಗೊಳಗೂ ಇಳಿಯುವ ಹಾಗೆ ತಿಕ್ಕಬೇಕು, ಇಲ್ಲದಿದ್ದರೆ ಒದ್ದೆ ಹಿಮದ ದಿನ ಮಧ್ಯಾಹ್ನಕ್ಕೆಲ್ಲ ನೀರು ಕುಡಿದು ಭಾರವಾಗುತ್ತೆ. ಒಂದು ಜೊತೆ ಕೈಯಲ್ಲಿ, ಒಂದು ಬೆಟ್ಟದ ಮೇಲಿನ ಗುಡಿಸಲಿನ ಹೀಟರ್ ಹತ್ತಿರ ಒಣಗುತ್ತಿರಬೇಕು. ಬೆರಳಿನ ಚಳಿಗೆ ನನಗೆ ಗೊತ್ತಿರುವ ಮದ್ದು ಇದೊಂದೇ.

ಇನ್ನು ಬೂಟು. ಉಳಿದ ಎಲ್ಲದರಲ್ಲೂ ಉಳಿಸಿ, ಬೂಟಿನಲ್ಲಿ ಉಳಿಸಬೇಡಿ. ಅವಳು ದಿನಕ್ಕೆ ಹತ್ತು ಗಂಟೆ ಅದರಲ್ಲೇ ಇರುತ್ತಾಳೆ. ಮೆಟ್ಟಿಲು ಹತ್ತುವುದು, ಬಿದಿರು ಕಂಬ ನೆಡುವುದು, ಕಾಲುದ್ದ ಹಿಮದಲ್ಲಿ ನಡೆಯುವುದು, ಎಲ್ಲ ಅದರಲ್ಲೇ. ಪಾದದ ಅಳತೆ ತೆಗೆದು ಒಳಪದರ ಕೂರಿಸುವ ಬೂಟ್ ಫಿಟರ್ ಹತ್ತಿರ ಹೋಗಿ. ಪ್ಯಾಟ್ರೋಲಿನವರಿಗೆ ಬಹಳಷ್ಟು ಬ್ರ್ಯಾಂಡುಗಳು ಪ್ರೋ ಡೀಲ್ ಅಂತ ರಿಯಾಯಿತಿ ಕೊಡುತ್ತವೆ. ಕೆಲಸದ ಪತ್ರ ಕೈಗೆ ಬಂದ ಮೇಲೆ ಕೇಳಿ, ಅಲ್ಲಿಯವರೆಗೆ ಅಂಗಡಿ ರೇಟಿಗೆ ಏನೂ ಕೊಳ್ಳಬೇಡಿ. ಸ್ಕೀ ಮೊದಲ ವರ್ಷ ಹಳೆಯದೇ ಸಾಕು. ನವೆಂಬರಿನಲ್ಲಿ ಕಲ್ಲು ಇನ್ನೂ ಮುಚ್ಚಿರುವುದಿಲ್ಲ, ಹೊಸ ಸ್ಕೀ ತಳ ಕಿತ್ತುಹೋದರೆ ಹೊಟ್ಟೆ ಉರಿಯುತ್ತೆ. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡ.

ಈಗ ಕಂಪನಿ ಕೊಡುವ ಜಾಕೆಟ್. ಇದರ ಬಗ್ಗೆ ನನಗೆ ನಿಜವಾಗಿಯೂ ಹೇಳುವುದಿದೆ.

ಆ ಪ್ಲಸ್ ಗುರುತಿಗೆ ಹಿನ್ನೆಲೆ ಇದೆ. 1936ರಲ್ಲಿ ಮೈನಟ್ ಡೋಲ್ ಎಂಬುವರು ವರ್ಮಾಂಟಿನ ಸ್ಟೋದಲ್ಲಿ ಬಿದ್ದು ಪಾದದ ಗಂಟು ಮುರಿದುಕೊಂಡರು. ಎತ್ತಿಕೊಂಡು ಹೋಗಲು ಯಾವ ವ್ಯವಸ್ಥೆಯೂ ಇರಲಿಲ್ಲ. ಗೆಳೆಯರು ಸೂರಿಗೆ ಹೊದಿಸುವ ತಗಡಿನ ತುಂಡೊಂದರ ಮೇಲೆ ಮಲಗಿಸಿ ಎಳೆದುಕೊಂಡು ಬಂದರು. ಆಮೇಲೆ ಅವರ ಗೆಳೆಯ ಫ್ರ್ಯಾಂಕ್ ಎಡ್ಸನ್ ಸ್ಕೀ ಪಂದ್ಯದಲ್ಲಿ ಪೆಟ್ಟಾಗಿ ತೀರಿಕೊಂಡರು. 1938ರಲ್ಲಿ ಡೋಲ್ ನ್ಯಾಷನಲ್ ಸ್ಕೀ ಪ್ಯಾಟ್ರೋಲ್ ಕಟ್ಟಿದರು. ಹಳಬರ ಜಾಕೆಟ್ ತುಕ್ಕಿನ ಬಣ್ಣದ್ದು, ಗುರುತು ಹಳದಿ. ಈಗ ಹೆಚ್ಚಿನ ಕಡೆ ಕೆಂಪು ಬಿಳಿ. ಹಿಮದಲ್ಲಿ ಬಿದ್ದಿರುವವರು ನಮ್ಮ ಮುಖ ನೋಡುವುದಿಲ್ಲ, ಆ ಗುರುತು ಹುಡುಕುತ್ತಾರೆ. ಕಂಡ ತಕ್ಷಣ ಅವರ ಉಸಿರು ನಿಧಾನವಾಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೇ ಆ ಜಾಕೆಟ್ ಚೆನ್ನಾಗಿರಬೇಕು ಅಂತ ನಾನು ಹಟ ಹಿಡಿಯುವುದು.

ದೊಡ್ಡ ಕಂಪನಿಗಳಲ್ಲಿ ಏನಾಗುತ್ತೆ ಅಂದರೆ, ಲಿಫ್ಟಿನವರಿಗೆ, ಕಲಿಸುವವರಿಗೆ, ನಮಗೆ ಎಲ್ಲರಿಗೂ ಒಟ್ಟಿಗೇ ಖರೀದಿ. ಲಿಫ್ಟಿನ ಹತ್ತಿರ ನಿಲ್ಲುವವರಿಗೆ ಬೆಚ್ಚಗಿದ್ದರೆ ಸಾಕು. ನಮ್ಮ ಕೆಲಸ ಬೇರೆ. ಇಪ್ಪತ್ತು ನಿಮಿಷ ಹಿಮ ತೋಡಿ ಬೆವರಿನಲ್ಲಿ ತೊಯ್ದುಹೋಗಿರುತ್ತೇವೆ, ಮರುಗಳಿಗೆ ಗಾಯಾಳುವಿನ ಪಕ್ಕ ಅರ್ಧ ಗಂಟೆ ಅಲ್ಲಾಡದೆ ಮಂಡಿಯೂರಬೇಕು. ಕಂಕುಳಿನಲ್ಲಿ ಗಾಳಿಯ ಜಿಪ್ಪು ಬೇಕು. ಬ್ಯಾಗಿನ ಪಟ್ಟಿ ಬಿಗಿದ ಮೇಲೂ ಕೈಗೆ ಸಿಗುವ ಎತ್ತರದಲ್ಲಿ ಜೇಬು ಬೇಕು. ಪ್ಯಾಂಟಿಗೆ ಮಂಡಿಯಲ್ಲಿ ದಪ್ಪ ಪದರ ಬೇಕು.

ನನ್ನ ಮೂರನೇ ವರ್ಷ ಕೊಟ್ಟ ಜಾಕೆಟ್ ಅದಕ್ಕೆ ಮುಂಚೆ ಇನ್ನೊಬ್ಬರು ಎರಡು ವರ್ಷ ತೊಟ್ಟಿದ್ದು. ಜಿಪ್ಪಿನ ಕೆಳಗಿನ ಹಲ್ಲು ಹೋಗಿತ್ತು. ನವೆಂಬರಿನಲ್ಲೇ ಬರೆದುಕೊಟ್ಟೆ. ಸ್ಟಾಕ್ ಬಂದಾಗ ಕೊಡುತ್ತೇವೆ ಅಂದರು. ಜನವರಿಯಲ್ಲಿ ಒಂದು ಬೆಳಿಗ್ಗೆ ಐವತ್ತರ ಪ್ರಾಯದ ಒಬ್ಬರು ಮರಕ್ಕೆ ಬಡಿದು ತೊಡೆಯ ಮೂಳೆ ಮುರಿದುಕೊಂಡಿದ್ದರು. ಆ ಮುರಿತದಲ್ಲಿ ಒಬ್ಬರು ಹಿಮ್ಮಡಿ ಹಿಡಿದು ಒಂದೇ ಸಮ ಎಳೆದಿಟ್ಟುಕೊಳ್ಳಬೇಕು, ಇನ್ನೊಬ್ಬರು ಅಷ್ಟರಲ್ಲಿ ಸ್ಪ್ಲಿಂಟ್, ಅಂದರೆ ಮುರಿದ ಮೂಳೆ ಅಲ್ಲಾಡದ ಹಾಗೆ ಹಿಡಿದಿಡುವ ಆಧಾರ, ಕಟ್ಟಬೇಕು. ಹಿಡಿದಿದ್ದವಳು ನಾನು. ಮಂಡಿಯೂರಿದ ಕೂಡಲೇ ಜಿಪ್ಪು ಕೆಳಗಿನಿಂದ ಬಿಚ್ಚಿಕೊಳ್ಳುತ್ತಾ ಎದೆಯವರೆಗೂ ಬಂತು. ಗಾಳಿ ಹಿಮವನ್ನು ನೇರ ಹೊಟ್ಟೆಗೆ ಎರಚುತ್ತಿತ್ತು. ಬೆವರಿದ್ದ ಒಳಬಟ್ಟೆ ತಗಡಿನ ಹಾಗೆ ಗಟ್ಟಿಯಾಯಿತು. ಕೈ ಬಿಟ್ಟರೆ ಅವರು ಕಿರುಚುತ್ತಾರೆ, ಬಿಡದಿದ್ದರೆ ನನ್ನ ತೋಳು ನಡುಗಿ ಅದೇ ನಡುಕ ಅವರ ಕಾಲಿಗೆ ಹೋಗುತ್ತೆ. ಜೊತೆಯವನು ನೋಡಿ, ಗಾಯಾಳುವಿಗೆ ಅಂತ ತಂದ ಎರಡು ಕಂಬಳಿಯಲ್ಲಿ ಒಂದನ್ನು ನನ್ನ ಜಾಕೆಟ್ಟಿನೊಳಗೆ ತುರುಕಿದ. ಆ ಕಂಬಳಿ ಅವರಿಗೆ ಸೇರಬೇಕಾದ್ದು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟವಾಗುತ್ತೆ.

ಹಾಗಾಗಿ ಜಾಕೆಟ್ ಕೈಗೆ ಬಂದ ದಿನವೇ ಬ್ಯಾಗು, ಹೆಲ್ಮೆಟ್ ಎಲ್ಲ ಹಾಕಿಕೊಂಡು ನೆಲದ ಮೇಲೆ ಮಂಡಿಯೂರಿ ನೋಡಲಿ. ಕೈ ಮೇಲೆತ್ತಲಿ. ಸರಿ ಇಲ್ಲ ಅಂದರೆ ಅಲ್ಲೇ ಬದಲಾಯಿಸಿ ಕೇಳಲಿ, ಹೊಸಬಳು ಅಂತ ಸಂಕೋಚ ಬೇಡ. ಬೀಕನ್ ಜಾಕೆಟ್ ಜೇಬಿನಲ್ಲಿ ಇಡಬಾರದು, ಅದರ ಪಟ್ಟಿಯಲ್ಲೇ ಒಳಬಟ್ಟೆಯ ಮೇಲೆ ಬಿಗಿಯಬೇಕು, ಹಿಮ ಉರುಳುವಾಗ ಜಾಕೆಟ್ ಕಿತ್ತುಹೋಗಬಹುದು. ರಬ್ಬರ್ ಗ್ಲೌಸ್ ಮತ್ತು ಅಂಟುಪಟ್ಟಿ ಎದೆಯ ಒಳಜೇಬಿನಲ್ಲಿರಲಿ. ಚಳಿಗೆ ಸೆಡೆತರೆ ಗ್ಲೌಸ್ ಹರಿಯುತ್ತೆ, ಪಟ್ಟಿ ಅಂಟುವುದಿಲ್ಲ.

ಬೂಟು ಯಾರದು ಅಂತ ಕೇಳಿದಿರಿ. ಕೆಲಸಗಾರರ ರಕ್ಷಣೆಯ ಸಾಮಾನಿಗೆ ಮಾಲೀಕರೇ ದುಡ್ಡು ಕೊಡಬೇಕು ಅಂತ ಇಡೀ ದೇಶಕ್ಕೆ ಅನ್ವಯಿಸುವ ಓಷಾ (ಕೆಲಸದ ಜಾಗದ ಸುರಕ್ಷತೆ ನೋಡುವ ಫೆಡರಲ್ ಇಲಾಖೆ) ನಿಯಮ 2008ರಲ್ಲಿ ಜಾರಿಗೆ ಬಂತು. ಆದರೆ ಬರೀ ಹವಾಮಾನದಿಂದ ಕಾಯುವ ಚಳಿ ಕೋಟು, ಜಾಕೆಟ್, ಗ್ಲೌಸ್ ಇವುಗಳನ್ನು ಅದೇ ನಿಯಮ ಹೆಸರಿಸಿ ಹೊರಗಿಟ್ಟಿದೆ. ನಮಗೆ ಹವಾಮಾನವೇ ಅಪಾಯ. ಆ ಒಂದು ಸಾಲು ಹಿಮದಲ್ಲಿ ದುಡಿಯುವವರನ್ನು ಯೋಚಿಸಿ ಬರೆದಂತೆ ನನಗೆ ಕಾಣುವುದಿಲ್ಲ.

ಕೂಲಿಯ ವಿಷಯ ಎಲ್ಲರಿಗೂ ಗೊತ್ತಾಗಿದ್ದು ಯೂಟಾದ ಪಾರ್ಕ್ ಸಿಟಿಯಿಂದ. ವೇಲ್ ರೆಸಾರ್ಟ್ಸ್ ಒಡೆತನದ ಆ ಬೆಟ್ಟದಲ್ಲಿ 2024ರ ಡಿಸೆಂಬರ್ 27ರಂದು ಸುಮಾರು ಇನ್ನೂರು ಪ್ಯಾಟ್ರೋಲರುಗಳು ಮುಷ್ಕರಕ್ಕೆ ಕೂತರು. ಆರಂಭದ ಕೂಲಿ ಗಂಟೆಗೆ 21ರಿಂದ 23 ಡಾಲರ್ ಆಗಬೇಕು ಎಂಬುದು ಮುಖ್ಯ ಬೇಡಿಕೆ. ಹೊಸ ವರ್ಷದ ರಜೆಯ ಜಂಗುಳಿಯಲ್ಲಿ ಬೆಟ್ಟದ ಬಹುಭಾಗ ತೆರೆಯಲಾಗದೆ, ಜನವರಿ ಎರಡನೇ ವಾರದಲ್ಲಿ ಆ ಎರಡು ಡಾಲರ್ ಕೊಟ್ಟರು. ಮಗಳು ಸೇರುವ ಬೆಟ್ಟದಲ್ಲಿ ಯೂನಿಯನ್ ಇದೆಯಾ ಕೇಳಿ. ಇದ್ದರೆ ಸಾಮಾನಿನ ಭತ್ಯೆ ಒಪ್ಪಂದದಲ್ಲಿ ಬರೆದಿದೆಯಾ ನೋಡಿ.

ಮಂಡ್ಯದ ಲೆಕ್ಕ

ಸರ್, ನಾನು ಸ್ಯಾನ್ ಹೋಸೆಯಲ್ಲಿ ಪೇರೋಲ್ ಕೆಲಸ ಮಾಡುವವನು. ಮೇಲೆ ಮೇಡಂ ಹೇಳಿದ್ದು ಇಡೀ ದೇಶದ ನಿಯಮ. ಕ್ಯಾಲಿಫೋರ್ನಿಯಾ ಅದಕ್ಕಿಂತ ಮುಂದಿದೆ. ಇಲ್ಲಿನ ಲೇಬರ್ ಕೋಡ್ 2802ನೇ ಕಲಮಿನ ಪ್ರಕಾರ ಕೆಲಸಕ್ಕೆ ಅಗತ್ಯವಾಗಿ ಆದ ಖರ್ಚನ್ನು ಮಾಲೀಕರು ಭರಿಸಬೇಕು. ಉಪಕರಣ ಬೇಕೇಬೇಕು ಅಂತಾದರೆ ಅದನ್ನೂ ಅವರೇ ಕೊಡಬೇಕು. ಕನಿಷ್ಠ ಕೂಲಿಯ ಎರಡು ಪಟ್ಟಾದರೂ ಸಂಬಳ ಇರುವವರಿಗೆ ಮಾತ್ರ, ಆ ಕಸುಬಿನಲ್ಲಿ ರೂಢಿಯಲ್ಲಿರುವ ಕೈಸಾಮಾನು ನೀವೇ ತರಬೇಕು ಅಂತ ಮಾಲೀಕರು ಹೇಳಬಹುದು. 2025ರಲ್ಲಿ ರಾಜ್ಯದ ಕನಿಷ್ಠ ಕೂಲಿ 16.50 ಡಾಲರ್ ಇತ್ತು, ಎರಡು ಪಟ್ಟು ಅಂದರೆ 33. ನಿಮ್ಮ ಮಗಳದು 22.

ಸ್ಕೀ ಬೂಟು ಸ್ವಂತಕ್ಕೂ ಬಳಸುವಂಥದ್ದು ಅಂತ ಅವರು ವಾದಿಸಬಹುದು. ಆದ್ದರಿಂದ ಜಗಳದ ದನಿ ಬೇಡ, ಇದಕ್ಕೆ ಮರುಪಾವತಿ ಹೇಗೆ ಅಂತ ಒಂದು ಸಾಲಿನ ಇಮೇಲ್ ಸಾಕು. ಉತ್ತರ ಬರಹದಲ್ಲಿರಲಿ, ರಸೀದಿ ಒಂದೂ ಬಿಸಾಡಬೇಡಿ. ಕೆಲಸದ ಜಾಗ ಯಾವ ರಾಜ್ಯದಲ್ಲಿದೆ ಅಂತಲೂ ಖಚಿತ ಮಾಡಿಕೊಳ್ಳಿ, ಟಾಹೊದ ಒಂದು ಪಾಲು ನೆವಾಡಾಕ್ಕೆ ಸೇರಿದ್ದು, ಹೆವೆನ್ಲಿ ಬೆಟ್ಟವಂತೂ ಗಡಿಯ ಮೇಲೇ ಇದೆ. ಫೆಡರಲ್ ತೆರಿಗೆಯಲ್ಲಿ ಕಳೆಯೋಣ ಅಂದುಕೊಳ್ಳಬೇಡಿ, ನೌಕರರಿಗೆ ಆ ದಾರಿ 2018ರಿಂದ ಮುಚ್ಚಿದೆ.

ಮಡಿಕೇರಿ ಮಾಜಿ ಸೈನಿಕ

ಗುಲ್ಮಾರ್ಗದಲ್ಲಿ ಸ್ಕೀ ಕಲಿತವನು ನಾನು. ಅಲ್ಲಿನ ಸೇನಾ ಸ್ಕೀ ಶಾಲೆಯನ್ನು 1948ರಲ್ಲಿ ಶುರು ಮಾಡಿಸಿದವರು ನಮ್ಮ ಕೊಡಗಿನ ತಿಮ್ಮಯ್ಯನವರು, ಇದನ್ನು ಹೇಳುವಾಗ ನನಗೆ ಈಗಲೂ ಹೆಮ್ಮೆ. ನಮಗೆ ಬೂಟು, ಸ್ಕೀ, ಕೈಗವಸು ಎಲ್ಲ ಸ್ಟೋರಿನಿಂದ ಸಹಿ ಹಾಕಿಸಿಕೊಂಡು ಕೊಡುತ್ತಿದ್ದರು. ನನಗೆ ಸಿಕ್ಕಿದ ಬೂಟು ಒಂದು ಸೈಜ್ ದೊಡ್ಡದು. ಎರಡು ಸಾಕ್ಸ್ ಹಾಕಿ ಹೊಂದಿಸಿಕೊಂಡೆ, ರಕ್ತ ಓಡದೆ ಎಡಗಾಲಿನ ಎರಡು ಬೆರಳು ಮರಗಟ್ಟಿದವು, ಇಂದಿಗೂ ಅವಕ್ಕೆ ಪೂರ್ತಿ ಸ್ಪರ್ಶ ಬಂದಿಲ್ಲ. ಮಗಳಿಗೆ ಹೇಳಿ: ಒಂದೇ ಸಾಕ್ಸ್, ತೆಳ್ಳಗಿನ ಉಣ್ಣೆಯದು, ಮಧ್ಯಾಹ್ನ ಊಟಕ್ಕೆ ಕೂತಾಗ ಒಣಗಿದ ಇನ್ನೊಂದು ಜೊತೆ.

ದಾವಣಗೆರೆ ಅಪ್ಪ

ತಂಗಿ, ಗ್ಲೌಸ್ ನಿನ್ನೆಯೇ ವಾಪಸ್ ಕಳಿಸಿದೆ. ನಿಮ್ಮ ಬರಹವನ್ನು ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ, ಅವಳಿಗೆ ಕನ್ನಡ ಓದಲು ಅಷ್ಟು ಬರುವುದಿಲ್ಲ. ಜಿಪ್ಪಿನ ಕಥೆ ಬಂದಾಗ ಸುಮ್ಮನಾದಳು. ಆಮೇಲೆ ಅವಳೇ ಇಮೇಲ್ ಬರೆದಳು, ಮಂಡ್ಯದವರು ಹೇಳಿದ ಹಾಗೆ ಒಂದೇ ಸಾಲು. ಹೆಲ್ಮೆಟ್ಟಿಗೂ ಬೂಟಿಗೂ ರಸೀದಿ ಕಳಿಸಿ, ವಿಚಾರಿಸುತ್ತೇವೆ ಅಂತ ಉತ್ತರ ಬಂದಿದೆ. ಬೂಟ್ ಫಿಟರ್ ಹತ್ತಿರ ಶನಿವಾರ ಹೋಗುತ್ತಿದ್ದೇವೆ. ಮಡಿಕೇರಿ ಸರ್, ಸಾಕ್ಸ್ ಆರು ಜೊತೆ ತಂದೆ.

ಇನ್ನೊಂದು ಕೇಳಬೇಕಿತ್ತು. ಜಾಕೆಟ್ ಬಂತು. ಮಂಡಿಯೂರಿ ನೋಡಿದಳು, ಜಿಪ್ಪು ಗಟ್ಟಿಯಾಗಿದೆ. ಆದರೆ ತೋಳು ಉದ್ದ, ಬೆರಳಿನ ತುದಿಯವರೆಗೂ ಬರುತ್ತೆ. ಇವರಮ್ಮ ಮಡಿಸಿ ಹೊಲಿದುಕೊಡುತ್ತೇನೆ ಅಂತಾಳೆ. ಹೊಲಿಯಬಹುದಾ?

ಹಾಸನದ ಹುಡುಗಿ

ಸೂಜಿ ಹಾಕಿದ ತೂತಿನಲ್ಲೆಲ್ಲ ನೀರು ಇಳಿಯುತ್ತೆ ಅಣ್ಣ, ಹೊಲಿಯಬೇಡಿ. ಮುಂಗೈಯ ವೆಲ್ಕ್ರೊ ಬಿಗಿ ಮಾಡಿ, ಗ್ಲೌಸಿನ ಬಾಯಿಯನ್ನು ತೋಳಿನ ಮೇಲೆ ಎಳೆದುಕೊಳ್ಳಲಿ. ಅದಕ್ಕೂ ಜಗ್ಗದಿದ್ದರೆ ಒಂದು ಸೈಜ್ ಚಿಕ್ಕದು ಕೇಳಲಿ, ತರಬೇತಿ ಶುರುವಾಗುವ ಮೊದಲೇ.