ಮುತ್ತಜ್ಜನ ಹುಡುಕಾಟಕ್ಕೊಂದು ಚಂದಾ

ಬಾಸ್ಟನ್ನಿನ ಮಗನ ಮನೆಯಲ್ಲಿ ಆರು ತಿಂಗಳಿದ್ದು ಧಾರವಾಡಕ್ಕೆ ಮರಳಿದ ವಕೀಲರು ನಮ್ಮ ಸಂಜೆಯ ಕಟ್ಟೆಗೆ ಹೊಸ ಹುಚ್ಚೊಂದನ್ನು ಹೊತ್ತು ತಂದರು. ಆ ಊರಿನಲ್ಲಿ 1845ರಲ್ಲಿಯೇ ವಂಶಾವಳಿ ಶೋಧಿಸುವವರ ಸಂಘವೊಂದು ಹುಟ್ಟಿದ್ದು, ಜನರು ಚಂದಾ ತೆತ್ತು ಸದಸ್ಯರಾಗಿ, ಚರ್ಚಿನ ದಾಖಲೆ, ಹಳೆಯ ಉಯಿಲು, ಹಡಗಿನ ಪ್ರಯಾಣಿಕರ ಪಟ್ಟಿಗಳಲ್ಲಿ ಮುತ್ತಜ್ಜನನ್ನು ಹುಡುಕುತ್ತಾರಂತೆ.

"ನಾವೂ ಒಂದು ಸಂಘ ಕಟ್ಟೋಣ. ನಮ್ಮ ಮೂಲಪುರುಷರು ದೇಸಾಯಿಗಳೆಂಬುದು ಸಿದ್ಧವಾಗಲಿ" ಎಂದರು.

"ನಮಗೆ ನಾಡಕಚೇರಿಯೇ ಸಂಘ, ವಕೀಲರೇ" ಎಂದರು ಮಾಸ್ತರರು. "ಅಜ್ಜನ ಹೊಲ ಪೌತಿ ಖಾತೆಯಾಗಬೇಕಾದಾಗಲ್ಲದೆ ಯಾರಿಗೆ ವಂಶವೃಕ್ಷದ ನೆನಪಾಗುತ್ತದೆ?"

ಬ್ಯಾಂಕಿನಿಂದ ನಿವೃತ್ತರಾದರೂ ಲೆಕ್ಕದಿಂದ ನಿವೃತ್ತರಾಗದ ಮಿತ್ರರು ಬೆರಳು ಮಡಿಸತೊಡಗಿದರು. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಮಾರಿಗೆ 1,024 ಮಂದಿ. ನಮ್ಮಲ್ಲಿ ಸೋದರಮಾವನ ಮಗಳನ್ನೇ ತಂದುಕೊಳ್ಳುವ ರೂಢಿಯಿರುವುದರಿಂದ ಒಬ್ಬನೇ ಅಜ್ಜ ಎರಡು ಮೂರು ಕೊಂಬೆಗಳ ಮೇಲೆ ಕುಳಿತು ಲೆಕ್ಕ ಕೆಡಿಸುತ್ತಾನೆಂಬುದನ್ನೂ ಅವರೇ ಒಪ್ಪಿಕೊಂಡರು. "ಆದರೂ ಅಷ್ಟು ಜನರಲ್ಲಿ ನಿಮ್ಮ ಕೈಗೆ ದೇಸಾಯಿಯೇ ಏಕೆ ಸಿಗಬೇಕು? ನಮ್ಮ ಬ್ಯಾಂಕಿನಂಥ ಕಡೆ ಕಂತು ಕಟ್ಟದವನೂ ಸಿಗಬಹುದಲ್ಲ?"

ವಕೀಲರು ತಾವೇ ಬರೆದ ವಂಶವೃಕ್ಷವನ್ನು ಬಿಡಿಸಿದರು. ಗಿರ್ಮಿಟ್ಟಿನ ತಟ್ಟೆ ಹಿಡಿದು ಬಂದ ಅವರ ಮನೆಯವರು ಅದನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಹೆಣ್ಣಿನ ಹೆಸರು ಒಂದೂ ಇಲ್ಲ. ಇವರೆಲ್ಲ ಬಾಳೆಯ ಕಂದಿನ ಹಾಗೆ ತಾವೇ ಹುಟ್ಟಿಕೊಂಡರೇನು?" ಎಂದು ಕೇಳಿ ಒಳಗೆ ಹೋದರು. 1,024ರಲ್ಲಿ ಅರ್ಧದಷ್ಟು ಜನ ಒಂದೇ ಮಾತಿಗೆ ಎದ್ದು ನಿಂತಂತಾಯಿತು.

ನಾನು ಮಾತ್ರ ವಕೀಲರ ಪಕ್ಷವನ್ನೇ ಹಿಡಿದೆ, ಅವರು ಬಯಸಿದ ಕಾರಣಕ್ಕಲ್ಲ. ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಗೆ ಕೆಲವು ವರ್ಷಗಳಿಗೊಮ್ಮೆ, ಮನೆಮನೆಯ ವಂಶಾವಳಿಯನ್ನು ಬರೆದಿಟ್ಟು ಓದಿಹೇಳುವ ಹೆಳವರು ಎತ್ತಿನೊಡನೆ ಬರುತ್ತಿದ್ದರು. ಇಂಥ ಹೆಳವನಿಗೆ ಇಂತಿಂಥ ಮನೆಗಳೆಂದು ತಲೆತಲಾಂತರದ ಹಂಚಿಕೆಯಿತ್ತು. ನಮ್ಮ ದೊಡ್ಡಪ್ಪನವರು, ಹಿರಿಯರು ಸಂಸ್ಥಾನಿಕರ ಕರೆಯ ಮೇಲೆ ಈ ಊರಿಗೆ ಬಂದರೆಂದು ಎಲ್ಲರಿಗೂ ಹೇಳುತ್ತಿದ್ದರು. ಹೆಳವನು ಅಂಗಳದಲ್ಲಿ ಕಂಬಳಿಯ ಮೇಲೆ ಕುಳಿತು, ಮೂಲೆ ಸವೆದ ಪುಸ್ತಕವನ್ನು ಬಿಚ್ಚಿ, ಓಣಿಗೆಲ್ಲ ಕೇಳುವಂತೆ, "ಸಾಲ ತೀರದೆ ನಡುರಾತ್ರಿ ಬಂಡಿ ಕಟ್ಟಿಕೊಂಡು ಬಂದವರು" ಎಂದು ಓದಿಬಿಟ್ಟ. ಮುಂದಿನ ಸಲ ಆ ಸಾಲನ್ನು ನುಂಗಿಕೊಳ್ಳಲೆಂದು ದೊಡ್ಡಪ್ಪನವರು ಎರಡು ಸೇರು ಜೋಳವನ್ನು ಹೆಚ್ಚಿಗೆ ಅಳೆದರು. ಮುಂದಿನ ಸಲ ಆತ ಅದೇ ಸಾಲನ್ನು ಓದಿ, ಆ ಎರಡು ಸೇರು ಜೋಳದ ದಾನವನ್ನೂ ಸೇರಿಸಿ ಓದಿದ.

"ಪುಸ್ತಕ ಮನೆಯವರ ಕೈಯಲ್ಲಿದ್ದರೆ ಎಲ್ಲರೂ ದೇಸಾಯಿಗಳೇ. ಅದು ಹೊರಗಿನವನ ಕೈಯಲ್ಲಿರಬೇಕು, ಸಂಘ ಬೇಕಾಗಿರುವುದು ಅದಕ್ಕೆ" ಎಂದೆ.

ವಕೀಲರು ತುಸು ಯೋಚಿಸಿ, "ಹಾಗಾದರೆ ಸದಸ್ಯರು ತಮ್ಮ ತಮ್ಮ ವಂಶಾವಳಿಯನ್ನು ಒಬ್ಬರಿಗೊಬ್ಬರು ತೋರಿಸಬೇಕಾಗುತ್ತದೆಯೇ?" ಎಂದು ಕೇಳಿದರು.

"ತೋರಿಸುವುದಷ್ಟೇ ಅಲ್ಲ, ಒಬ್ಬರದನ್ನು ಇನ್ನೊಬ್ಬರು ತಿದ್ದಬೇಕು" ಎಂದರು ಮಾಸ್ತರರು, ಜೇಬಿನಿಂದ ಕೆಂಪು ಪೆನ್ನನ್ನು ತೆಗೆಯುತ್ತ.

ವಕೀಲರು ವಂಶವೃಕ್ಷವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು, ಗಿರ್ಮಿಟ್ ಮೆತ್ತಗಾಗುತ್ತಿದೆಯೆಂದು ನಮ್ಮೆಲ್ಲರನ್ನೂ ಎಚ್ಚರಿಸಿದರು.